ಕೊನೇ ಸಾಲಿಗೆ ಕಾಣದ ಬೆರಳು

ನಮ್ಮೂರು ಗುಬ್ಬಿಗೆ ಹತ್ತಿರ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಸೀಮೆ. ಆ ಕಂಪನಿಯ ಗುಬ್ಬಿ ವೀರಣ್ಣನವರು ಕುರುಕ್ಷೇತ್ರ ನಾಟಕಕ್ಕೆ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿದ್ದರಲ್ಲ, ಆ ಕಥೆಯನ್ನು ನಮ್ಮ ಕಡೆ ಅಜ್ಜಂದಿರು ಆನೆಯ ಹಗ್ಗ ತಾವೇ ಹಿಡಿದಿದ್ದ ಹಾಗೆ ಹೇಳುತ್ತಿದ್ದರು.

ನಾನು ಮೊದಲು ನಿರ್ದೇಶನ ಅನ್ನೋದನ್ನು ನೋಡಿದ್ದು ಊರಿನ ಪೌರಾಣಿಕ ನಾಟಕದ ತಾಲೀಮಿನಲ್ಲಿ. ಸುಗ್ಗಿ ಮುಗಿದ ಮೇಲೆ, ರಾತ್ರಿ ಮುದ್ದೆ ಉಂಡು ಎಲ್ಲರೂ ದೇವಸ್ಥಾನದ ಜಗಲಿಗೆ ಬರುತ್ತಿದ್ದರು. ಪಾತ್ರಕ್ಕೆ ತಕ್ಕ ದುಡ್ಡನ್ನು ಪಾತ್ರ ಮಾಡೋನೇ ಕಟ್ಟಬೇಕು. ದುರ್ಯೋಧನ ಬೇಕೆಂದರೆ ಜಾಸ್ತಿ, ದ್ವಾರಪಾಲಕನಿಗೆ ಕಡಿಮೆ. ದುಡ್ಡು ಕಟ್ಟಿದವನಿಗೆ ಶ್ರುತಿ ಸೇರದಿದ್ದರೂ ಹಾರ್ಮೋನಿಯಂ ಮೇಷ್ಟ್ರು ಹೇಗೋ ಹಾಡಿಸಬೇಕು. ಅವನು ಕಪ್ಪು ಎರಡರಲ್ಲಿ, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಶ್ರುತಿಯಲ್ಲಿ, ಶುರು ಮಾಡಿ ಇನ್ನೆಲ್ಲಿಗೋ ಜಾರಿದರೆ ಮೇಷ್ಟ್ರ ಬೆರಳೂ ಜೊತೆಗೇ ಜಾರುತ್ತಿತ್ತು. ಆದರೆ ಒಂದು ವಿಷಯದಲ್ಲಿ ಮಾತ್ರ ಅವರು ಯಾರನ್ನೂ ಬಿಡುತ್ತಿರಲಿಲ್ಲ. "ಮಾತಾಡೋನು ಬಿಟ್ಟು ಮಿಕ್ಕೋರು ಕದಲಬೇಡ್ರಪ್ಪ. ಒಬ್ಬ ಮೈ ಕೆರ್ಕೊಂಡ್ರೆ ಊರೆಲ್ಲ ಅವನನ್ನೇ ನೋಡ್ತದೆ."

ಆಮೇಲೆ ತುಮಕೂರಿನಲ್ಲಿ ಕಾಲೇಜು, ಹವ್ಯಾಸಿ ತಂಡ, ನಾಲ್ಕೈದು ನಾಟಕ. ಹೊಟ್ಟೆಪಾಡಿಗೆ ಬೆಂಗಳೂರು, ಧಾರಾವಾಹಿ. ಮೊದಲ ಕೆಲಸ ಪ್ರಾಂಪ್ಟಿಂಗ್. ಸೋಫಾದ ಹಿಂದೆ ಕುಕ್ಕರುಗಾಲಲ್ಲಿ ಕೂತು ಕಲಾವಿದರಿಗೆ ಸಂಭಾಷಣೆ ಓದಿಕೊಡೋದು. ಎರಡು ವರ್ಷಕ್ಕೆ ಸಂಚಿಕೆ ನಿರ್ದೇಶಕನಾದೆ.

ಮೊದಲ ದಿನದ ದೃಶ್ಯ ಮರೆಯುವ ಹಾಗಿಲ್ಲ. ಮನೆಯವರು ಆರು ಜನ ಊಟದ ಮೇಜಿಗೆ ಕೂರಬೇಕು. ನಾಟಕದ ಅಭ್ಯಾಸ ಅಲ್ವಾ, ಯಾರ ಬೆನ್ನೂ ಕಾಣಬಾರದು ಅಂತ ಆರೂ ಜನರನ್ನು ಮೇಜಿನ ಒಂದೇ ಕಡೆ ಸಾಲಾಗಿ ಕೂರಿಸಿದೆ. ಕ್ಯಾಮೆರಾಮನ್ ಕ್ಯಾಮೆರಾದಿಂದ ಕಣ್ಣು ತೆಗೆದು ನನ್ನ ಮುಖ ನೋಡಿದರು. "ಸಾರ್, ಇವ್ರು ಊಟಕ್ಕೆ ಕೂತಿದ್ದಾರೋ, ಗ್ರೂಪ್ ಫೋಟೋಗೋ?" ಸೆಟ್ಟೆಲ್ಲ ನಕ್ಕಿತು. ಅವತ್ತೇ ಲುಕ್ ಅಂದರೆ ಏನು ಅಂತಲೂ ಕಲಿಸಿದರು. ಅತ್ತೆ ಫ್ರೇಮಿನ ಎಡಕ್ಕೆ ನೋಡಿ ಬೈದರೆ ಸೊಸೆ ಬಲಕ್ಕೆ ನೋಡಿ ಕೇಳಿಸಿಕೊಳ್ಳಬೇಕು. ತಪ್ಪಿದರೆ ಎಡಿಟಿಂಗಿನಲ್ಲಿ ಇಬ್ಬರೂ ಗೋಡೆ ಗಡಿಯಾರದ ಜೊತೆ ಜಗಳಕ್ಕೆ ನಿಂತ ಹಾಗೆ ಕಾಣುತ್ತದೆ.

ಅರ್ಧ ಗಂಟೆಯ ಧಾರಾವಾಹಿಯಲ್ಲಿ ಜಾಹೀರಾತು ಕಳೆದರೆ ಉಳಿಯೋದು ಸುಮಾರು 22 ನಿಮಿಷ. ಅಷ್ಟನ್ನು ಒಂದೇ ದಿನದಲ್ಲಿ ಮುಗಿಸಬೇಕು. ಹಾಗಾಗಿ ನಟನೆ ಎಲ್ಲ ಕ್ಲೋಸ್‌ಅಪ್ಪಿಗೆ ಬಂದು ನಿಲ್ಲುತ್ತದೆ. ಹುಬ್ಬು ಎತ್ತಿದರೆ ಸಾಕು, ಕೈ ಎತ್ತಿದರೆ ಜಾಸ್ತಿ. ಗುರುವಾರ ಟಿಆರ್‌ಪಿ ನೋಡಿ, ಶುಕ್ರವಾರ ಒಂದು ಪಾತ್ರವನ್ನು ತವರಿಗೆ ಕಳಿಸಿ ಮರೆತದ್ದೂ ಉಂಟು. ಆ ಗೋಳು ಬೇಡ ಬಿಡಿ.

ಹತ್ತು ವರ್ಷ ಬಿಟ್ಟು ಹಳೇ ತಂಡಕ್ಕೆ ನಾಟಕ ಮಾಡಿಸಲು ತುಮಕೂರಿಗೆ ಬಂದೆ. ಅದರಲ್ಲಿ ಒಬ್ಬಳು ತಾಯಿ ಮಗನ ಕಾಗದ ಓದುತ್ತಾಳೆ. ಮಾತಿಲ್ಲ. ಕಾಗದ ಹಿಡಿದ ಬೆರಳು ಮಾತ್ರ ನಡುಗಬೇಕು. ಆರಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ತಿಂಗಳುಗಟ್ಟಲೆ ತಾಲೀಮು ಮಾಡಿಸಿದೆ. ನಟಿ ಎಷ್ಟು ಚೆನ್ನಾಗಿ ಮಾಡುತ್ತಿದ್ದರೆಂದರೆ ನನಗೇ ಗಂಟಲು ಕಟ್ಟುತ್ತಿತ್ತು.

ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಪ್ರದರ್ಶನ. ಊರಿಂದ ಚಿಕ್ಕಪ್ಪ ಬಂದಿದ್ದರು. ಒಂದು ಕಾಲಕ್ಕೆ ನಮ್ಮೂರ ಭೀಮ. ಹಿಂದೆ ಕೂತು ನೋಡಿ, ಹೊರಗೆ ಬಂದು ಬೀಡಿ ಹಚ್ಚುತ್ತಾ ಕೇಳಿದರು.

"ಅಲ್ಲ ಕಣೋ, ಆಯಮ್ಮ ಕಾಗದ ಓದಿ ಯಾಕೆ ಸುಮ್ನೆ ನಿಂತ್ಕೊಂಡ್ಲು? ಮಾತು ಮರ್ತೋಯ್ತಾ?"

"ಬೆರಳು ನಡುಗ್ತಿತ್ತಲ್ಲ ಚಿಕ್ಕಪ್ಪ."

"ನಿಂಗೆ ಕಂಡಿರ್ಬೇಕು."

ಆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಹೇಳುತ್ತಿಲ್ಲ, ಅಷ್ಟೂ ದಿನ ನಾನು ಇಲ್ಲದ ಕ್ಯಾಮೆರಾಕ್ಕೆ ನಾಟಕ ಮಾಡಿಸಿದ್ದೆ. ಮಾರನೇ ವಾರದಿಂದ ತಾಲೀಮಿನಲ್ಲಿ ಕುರ್ಚಿಯನ್ನು ಹಾಲಿನ ಕೊನೆಗೆ ಎಳೆದುಕೊಂಡೆ. ಅಲ್ಲಿಂದ ನಟಿಯ ಮುಖವೇ ಕಡಲೆಕಾಯಿಯಷ್ಟು. ನಡುಕ ತೆಗೆಸಿಬಿಟ್ಟೆ. ಕಾಗದ ಓದಿ, ಮಡಚಿ, ಜನರಿಗೆ ಬೆನ್ನು ಮಾಡಿ ಬಾಗಿಲ ತನಕ ನಿಧಾನ ನಡೆಯಿರಿ ಅಂದೆ. ರಂಗದ ಮೇಲಿದ್ದ ಉಳಿದ ನಾಲ್ವರಿಗೆ ಕದಲಬೇಡಿ ಅಂದೆ.

ಮುಂದಿನ ಪ್ರದರ್ಶನ ತಿಪಟೂರಿನಲ್ಲಿ, ಬಯಲಿನಲ್ಲಿ. ಆಯಮ್ಮ ಬಾಗಿಲು ಮುಟ್ಟೋವರೆಗೆ ಒಬ್ಬರೂ ಕೆಮ್ಮಲಿಲ್ಲ. ನಾಟಕ ಮುಗಿದ ಮೇಲೆ ಆ ನಾಲ್ವರಲ್ಲಿ ಒಬ್ಬ ಹುಡುಗ ಬಂದು ಕೆನ್ನೆ ತೋರಿಸಿದ. ಸೊಳ್ಳೆ ಕಚ್ಚಿ ಊದಿಕೊಂಡಿತ್ತು.