ಒಬ್ಬರೇ ಕುಳಿತು ಬೇಸಾಯದ ಆಟ ಕಟ್ಟುವ ಬಗೆ

2016ರ ಫೆಬ್ರವರಿಯಲ್ಲಿ ಬಿಡುಗಡೆಯಾದ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಕಂಪ್ಯೂಟರ್ ಆಟದ ಕೋಡ್, ಚಿತ್ರ, ಸಂಗೀತ, ಸಂಭಾಷಣೆಗಳನ್ನೆಲ್ಲ ಅಮೆರಿಕದ ಎರಿಕ್ ಬರೋನ್ ಒಬ್ಬರೇ ನಾಲ್ಕು ವರ್ಷಗಳಿಗೂ ಮಿಕ್ಕಿ ದುಡಿದು ಸಿದ್ಧಪಡಿಸಿದರು. ಜಪಾನಿನ ಯಾಸುಹಿರೊ ವಾಡಾ ರೂಪಿಸಿ 1996ರಲ್ಲಿ ಹೊರಬಂದ ‘ಹಾರ್ವೆಸ್ಟ್ ಮೂನ್’ ಮೇಲಿನ ಪ್ರೀತಿಯೇ ಅವರ ಆಟಕ್ಕೆ ಮೂಲ. ಇಂಥದ್ದೊಂದನ್ನು ತಾವೂ ಒಬ್ಬರೇ ಮಾಡಬೇಕೆಂದು ಹೊರಡುವವರು ಊರು, ಗಣಿ, ಮೀನುಗಾರಿಕೆ, ಮದುವೆ ಎಂದು ಪಟ್ಟಿ ಬೆಳೆಸುತ್ತ ಹೋದರೆ, ಹೊಲ ಸಿದ್ಧವಾಗುವ ಮುನ್ನವೇ ಉತ್ಸಾಹ ಬತ್ತಿಹೋಗುತ್ತದೆ. ಆ ಆಟದಿಂದ ಕಲಿಯಬೇಕಾದದ್ದು ಅದರ ಗಾತ್ರವನ್ನಲ್ಲ, ಅದು ನೆಮ್ಮದಿ ಕೊಡುವ ರೀತಿಯನ್ನು.

ಆ ನೆಮ್ಮದಿಯ ಗುಟ್ಟು ನಿಯಮಗಳಲ್ಲಿದೆ. ಅಲ್ಲಿನ ದಿನ ಬೆಳಗಿನ ಆರಕ್ಕೆ ಶುರುವಾಗಿ ನಡುರಾತ್ರಿ ಎರಡಕ್ಕೆ ಮುಗಿಯುತ್ತದೆ. ಆಟದ ಹತ್ತು ನಿಮಿಷಗಳಿಗೆ ನಮ್ಮ ಸುಮಾರು ಏಳು ಸೆಕೆಂಡುಗಳಾದ್ದರಿಂದ ಇಡೀ ದಿನ ಹದಿನಾಲ್ಕು ನಿಮಿಷಗಳಷ್ಟರಲ್ಲಿ ಕಳೆಯುತ್ತದೆ. ಒಂದು ಋತುವಿಗೆ 28 ದಿನ. ಪಾರ್ಸ್‌ನಿಪ್ ಗೆಡ್ಡೆ ನಾಲ್ಕು ದಿನಕ್ಕೆ ಕೊಯ್ಲಿಗೆ ಬಂದರೆ ಹೂಕೋಸಿಗೆ ಹನ್ನೆರಡು ದಿನ ಬೇಕು. ಹೀಗೆ ಬೆಳೆಗಳ ಅವಧಿ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ನಾಳೆಗೆ ಏನಾದರೊಂದು ಕಾದಿರುತ್ತದೆ, ಆಡುವವರು ‘ಇನ್ನೊಂದು ದಿನ’ ಎಂದುಕೊಳ್ಳುತ್ತಲೇ ಇರುತ್ತಾರೆ. ಇದಕ್ಕಿಂತಲೂ ಮುಖ್ಯವಾದದ್ದು, ನೀರು ಹಾಕಲು ಮರೆತರೆ ಅಲ್ಲಿ ಗಿಡ ಒಣಗುವುದಿಲ್ಲ, ಆ ದಿನದ ಬೆಳವಣಿಗೆಯಷ್ಟೇ ನಿಲ್ಲುತ್ತದೆ. ನಿಜವಾದ ರೈತ ಒಂದು ಮಳೆ ಕೈಕೊಟ್ಟರೆ ವರ್ಷದ ದುಡಿಮೆಯನ್ನೇ ಕಳೆದುಕೊಳ್ಳಬಹುದು. ಆಟದಲ್ಲಿ ದುಡಿಮೆಗೂ ಫಲಕ್ಕೂ ಇರುವ ನಂಟು ಅಷ್ಟು ಸುಲಭವಾಗಿ ಕಡಿಯುವುದಿಲ್ಲ. ಜನ ಇಂಥ ಆಟಗಳಿಗೆ ಮರಳಿ ಮರಳಿ ಬರುವುದು ಈ ಭರವಸೆಗಾಗಿಯೇ ಎಂಬುದು ನನ್ನ ದೃಢವಾದ ನಂಬಿಕೆ. ಹಾಗೆಂದು ನಷ್ಟವೇ ಇರಬಾರದೆಂದಲ್ಲ. ಋತು ಬದಲಾದಾಗ ಅದಕ್ಕೆ ಹೊಂದದ ಬೆಳೆ ಸಾಯುತ್ತದೆ, ಬೆದರುಬೊಂಬೆ ಇಲ್ಲದ ಹೊಲಕ್ಕೆ ಕಾಗೆ ಇಳಿಯುತ್ತದೆ. ಆದರೆ ಇವೆರಡೂ ಮೊದಲೇ ತಿಳಿದು ತಪ್ಪಿಸಿಕೊಳ್ಳಬಹುದಾದ ನಷ್ಟಗಳು. ನಿಮ್ಮ ಆಟದಲ್ಲೂ ಇಂಥ ನಷ್ಟಗಳಿಗೆ ಮಾತ್ರ ಜಾಗ ಕೊಡಿ.

ಕೆಲಸವನ್ನು ಒಂದೇ ಪಾತಿ, ಒಂದೇ ಬೆಳೆ, ಒಂದೇ ಹಾಸಿಗೆಯಿಂದ ಆರಂಭಿಸಿ. ಚಿತ್ರಗಳು ಇನ್ನೂ ಬೇಡ, ಬಣ್ಣದ ಚೌಕಗಳು ಸಾಕು. ನೆಲ ಅಗೆಯುವುದು, ಬಿತ್ತುವುದು, ನೀರುಣಿಸುವುದು, ಮಲಗುವುದು, ಎದ್ದು ಮೊಳಕೆ ನೋಡುವುದು: ಈ ಸುತ್ತು ಚೌಕಗಳಲ್ಲೇ ಹಿತವೆನಿಸದಿದ್ದರೆ ಮುಂದೆ ಎಷ್ಟು ಪಾತ್ರಗಳನ್ನು ಸೇರಿಸಿದರೂ ಹಿತವೆನಿಸದು. ಆಟಗಳನ್ನು ಕಟ್ಟಲು ಬಳಸುವ ಗೊಡಾಟ್ ಎಂಜಿನ್ ಇದಕ್ಕೆ ಧಾರಾಳವಾಗಿ ಸಾಕಾಗುತ್ತದೆ. ಅದು ಉಚಿತ ಮತ್ತು ಮುಕ್ತ ತಂತ್ರಾಂಶವಾಗಿದ್ದು, ಆಟ ಮಾರಾಟವಾದಾಗ ರಾಯಲ್ಟಿಯನ್ನೂ ಕೇಳುವುದಿಲ್ಲ.

ಹೊಲವನ್ನು ಚೌಕಗಳ ಜಾಲವಾಗಿ ಇಟ್ಟುಕೊಂಡು, ಪ್ರತಿ ಚೌಕಕ್ಕೂ ನಾಲ್ಕೇ ಸಂಗತಿಗಳನ್ನು ದಾಖಲಿಸಿ: ನೆಲ ಅಗೆದಿದೆಯೇ, ಇಂದು ನೀರು ಬಿದ್ದಿದೆಯೇ, ಯಾವ ಬೆಳೆಯಿದೆ, ಅದು ಎಷ್ಟು ದಿನ ಬೆಳೆದಿದೆ. ಆಡುವವರು ಮಲಗಿದಾಗ ಒಂದೇ ಒಂದು ಫಂಕ್ಷನ್, ಅಂದರೆ ಕೋಡ್‌ನ ಒಂದು ತುಣುಕು, ಎಲ್ಲ ಚೌಕಗಳನ್ನೂ ಸುತ್ತಿ, ನೀರು ಬಿದ್ದ ಬೆಳೆಗೆ ಒಂದು ದಿನ ಕೂಡಿಸಿ, ನೆಲವನ್ನು ಮತ್ತೆ ಒಣಗಿಸಬೇಕು. ಆಟವನ್ನು ಸೇವ್ ಮಾಡಲೂ ಆ ಗಳಿಗೆಯೇ ಸೂಕ್ತ, ಏಕೆಂದರೆ ಆಗ ಓಡಾಡುತ್ತಿರುವ ಪಾತ್ರಗಳಾಗಲಿ ಅರ್ಧಕ್ಕೆ ನಿಂತ ಕೆಲಸವಾಗಲಿ ಇರುವುದಿಲ್ಲ. ಬೆಳೆಗಳ ಹೆಸರು, ಅವಧಿ, ಋತು, ಬೀಜದ ಬೆಲೆ, ಮಾರಾಟದ ಬೆಲೆಗಳನ್ನು ಕೋಡ್‌ನೊಳಗೆ ಹೂತಿಡದೆ ಪ್ರತ್ಯೇಕ ಕೋಷ್ಟಕದಲ್ಲಿಡಿ. ನಾಳೆ ರಾಗಿಯನ್ನೋ ಅವರೆಯನ್ನೋ ಸೇರಿಸಬೇಕೆನಿಸಿದರೆ ಒಂದು ಸಾಲು ಬರೆದರಾಯಿತು.

ಇಷ್ಟಾದ ಮೇಲೆ ಹೆಚ್ಚಿನ ಸಮಯವನ್ನು ಪ್ರತಿ ಕೆಲಸವೂ ಕಣ್ಣಿಗೆ, ಕಿವಿಗೆ ಕೊಡುವ ಅನುಭವಕ್ಕೆ ಮೀಸಲಿಡಿ. ನೀರು ಬಿದ್ದ ಮಣ್ಣು ತಕ್ಷಣ ಕಪ್ಪಾಗಬೇಕು, ಕಿತ್ತ ಗೆಡ್ಡೆ ಸಣ್ಣ ಸದ್ದಿನೊಂದಿಗೆ ಚಿಮ್ಮಿ ಕೈಗೆ ಬರಬೇಕು. ಆಡುವವರು ಸಾವಿರಾರು ಸಲ ಮಾಡುವ ಕೆಲಸ ಇದಾದ್ದರಿಂದ ಇಲ್ಲಿ ಪಟ್ಟ ಶ್ರಮ ಎಂದೂ ವ್ಯರ್ಥವಾಗದು.

ಆಟವನ್ನು ಕನ್ನಡದಲ್ಲೂ ಕೊಡುವುದಾದರೆ ಅಕ್ಷರಗಳ ಕಡೆ ಮೊದಲೇ ಗಮನವಿರಲಿ. ಗೊಡಾಟ್‌ನ ನಾಲ್ಕನೆಯ ಆವೃತ್ತಿ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶವನ್ನು ಬಳಸುವುದರಿಂದ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತವೆ. ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಉಚಿತವಾಗಿ ಬಳಸಬಹುದು. ಆದರೆ ಇಂಗ್ಲಿಷ್‌ಗೆಂದು ಅಳೆದ ಸಂಭಾಷಣೆಯ ಚೌಕಟ್ಟಿನಲ್ಲಿ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ, ಆದ್ದರಿಂದ ಸಾಲುಗಳ ಅಂತರವನ್ನು ಆರಂಭದಲ್ಲೇ ಹೆಚ್ಚಿಸಿಕೊಳ್ಳಿ.

ಹಣದ ವಿಷಯದಲ್ಲಿ ಎಚ್ಚರ ಅಗತ್ಯ. ಬರೋನ್ ಆಟ ಕಟ್ಟುತ್ತಿದ್ದ ವರ್ಷಗಳಲ್ಲಿ ಸಿಯಾಟಲ್‌ನ ರಂಗಮಂದಿರವೊಂದರಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದರು; ನೀವೂ ಇರುವ ಆದಾಯವನ್ನು ಬಿಟ್ಟು ಇದಕ್ಕೆ ಇಳಿಯಬೇಡಿ. ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿ ಒಂದು ಆಟ ನೋಂದಾಯಿಸಲು 100 ಡಾಲರ್ ಶುಲ್ಕವಿದೆ. ಅದಕ್ಕೂ ಮೊದಲು ಒಂದೇ ಋತುವಿರುವ ಪುಟ್ಟ ಆವೃತ್ತಿಯನ್ನು ಇಚ್.ಐಒ ತಾಣದಲ್ಲಿ ಖರ್ಚಿಲ್ಲದೆ ಪ್ರಕಟಿಸಿ. ಪರಿಚಯದವರೊಬ್ಬರು ಅದನ್ನು ಆಡುವಾಗ ಪಕ್ಕದಲ್ಲಿ ಕುಳಿತು, ಏನನ್ನೂ ವಿವರಿಸದೆ, ಅವರು ಎಲ್ಲಿ ತಡವರಿಸುತ್ತಾರೆ ಮತ್ತು ಯಾವ ದಿನ ಆಟ ನಿಲ್ಲಿಸುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಎರಡನೆಯ ಋತುವಿನ ಕೆಲಸವನ್ನು ಆ ಟಿಪ್ಪಣಿಯಲ್ಲಿರುವ ತೊಡಕುಗಳೆಲ್ಲ ನಿವಾರಣೆಯಾದ ಮೇಲೆ ಕೈಗೆತ್ತಿಕೊಳ್ಳಿ.