ಐದು ಗಂಟೆ ಕಳೆದಾಗ ವೇಗ ಎಷ್ಟು? ಘಾತೀಯ ಬೆಳವಣಿಗೆಯ ಲೆಕ್ಕಕ್ಕೆ ಅವಕಲನ

ಓದುವ ಕಾಲದಲ್ಲಿ ಒಂದು ಪರೀಕ್ಷೆಯಲ್ಲಿ ಪುಟ ತುಂಬ ಲೆಕ್ಕ ಬರೆದು ಅರ್ಧ ಅಂಕ ಕಳಕೊಂಡಿದ್ದೆ. ಬಂದ ಸಂಖ್ಯೆಯಲ್ಲಿ ತಪ್ಪಿರಲಿಲ್ಲ. ಅವರು ಕೇಳಿದ್ದು ‘ಆ ಹೊತ್ತಿಗೆ ಎಷ್ಟು ವೇಗದಲ್ಲಿ ಬೆಳೆಯುತ್ತಿದೆ’ ಅಂತ. ನಾನು ‘ಎಷ್ಟಿದೆ’ ಅಂತ ಹೇಳಿ ಪೆನ್ನಿನ ಮುಚ್ಚಳ ಹಾಕಿಬಿಟ್ಟಿದ್ದೆ. ಈಗ ಪಾಠ ಹೇಳುವಾಗ ನೋಡುತ್ತೇನೆ, ಹುಡುಗರು ಎಡವುವುದೂ ಅದೇ ಜಾಗದಲ್ಲಿ. ಅದಕ್ಕೇ ಸೂತ್ರಕ್ಕೂ ಮೊದಲು ಬೋರ್ಡಿನ ಮೇಲೆ ಒಂದು ಮಾತು ಬರೆಯುತ್ತೇನೆ: ಇರುವುದು ಎಷ್ಟೋ, ಬೆಳೆಯುವ ವೇಗ ಅದಕ್ಕೆ ತಕ್ಕಷ್ಟು.

ಇದನ್ನು ಗಣಿತಕ್ಕೆ ಇಳಿಸಿದರೆ ಪ′ = ಕ × ಪ. ಪ ಎಂದರೆ ಇರುವ ಪ್ರಮಾಣ, ಪ′ ಅದರ ನಿಷ್ಪನ್ನ, ಅಂದರೆ ಆ ಕ್ಷಣಕ್ಕೆ ಅದು ಬದಲಾಗುವ ವೇಗ (ಅದನ್ನು ಕಂಡುಹಿಡಿಯುವುದೇ ಅವಕಲನ), ಕ ಒಂದು ಸ್ಥಿರಾಂಕ. ನಿಮ್ಮ ಪುಸ್ತಕದಲ್ಲಿ ಇದೇ ‘ಡಿ ವೈ ಬೈ ಡಿ ಟಿ’ ವೇಷದಲ್ಲಿ ಬರುತ್ತದೆ. ಪ್ರಶ್ನೆಯಲ್ಲಿ ‘ದರವು ಇರುವ ಪ್ರಮಾಣಕ್ಕೆ ಅನುಪಾತದಲ್ಲಿದೆ’ ಎಂದು ಕಂಡ ಕೂಡಲೇ ಈ ಸಾಲು ಬರೆದುಕೊಳ್ಳಿ, ಉಳಿದದ್ದು ಆಮೇಲೆ.

ಯಾವ ಉತ್ಪನ್ನವನ್ನು (ಫಂಕ್ಷನ್) ಅವಕಲಿಸಿದರೆ ಅದೇ ಮತ್ತೆ ಕೈಗೆ ಬರುತ್ತದೆ? 2ರ ಘಾತ ಸ, ಅಂದರೆ 2^ಸ ಎಂಬುದನ್ನು ಸಮಯ ಸ ಕುರಿತು ಅವಕಲಿಸಿ ನೋಡಿ: ಅದರ 0.693 ಪಟ್ಟು ಬರುತ್ತದೆ. 3 ಇಟ್ಟರೆ 1.099 ಪಟ್ಟು. ಅಂದ ಮೇಲೆ ಇವೆರಡರ ನಡುವೆ ಎಲ್ಲೋ ಒಂದು ಸಂಖ್ಯೆಗೆ ಆ ಪಟ್ಟು ಸರಿಯಾಗಿ 1 ಆಗಲೇಬೇಕು. ಅದೇ 2.71828…, ನಾವು ‘ಇ’ ಅನ್ನುವುದು. 1683ರಲ್ಲಿ ಯಾಕೋಬ್ ಬರ್ನೂಲಿ ಚಕ್ರಬಡ್ಡಿಯನ್ನು ಕ್ಷಣಕ್ಷಣಕ್ಕೂ ಕಟ್ಟಿದರೆ ಏನಾಗುತ್ತದೆ ಎಂದು ಹುಡುಕಿ ಹೊರಟಾಗ ಎದುರಾದದ್ದೂ ಇದೇ ಸಂಖ್ಯೆ. ಹೀಗಾಗಿ ನಮ್ಮ ಸಮೀಕರಣದ ಪರಿಹಾರ ಪ = ಪ₀ × ಇ^(ಕ × ಸ). ಪ₀ ಎಂದರೆ ಶುರುವಿನ ಪ್ರಮಾಣ. ನಂಬಿಕೆ ಬರದಿದ್ದರೆ ಒಮ್ಮೆ ಅವಕಲಿಸಿ: ಮುಂದೆ ಒಂದು ಕ ಬಂದು ಕೂರುತ್ತದೆ, ಉಳಿದದ್ದು ಹಾಗೇ ಇರುತ್ತದೆ.

ಈಗ ಲೆಕ್ಕ. ಒಂದು ತಟ್ಟೆಯಲ್ಲಿ 500 ಬ್ಯಾಕ್ಟೀರಿಯಾ ಇವೆ, ಎರಡು ಗಂಟೆಗೆ 800 ಆದವು. ಐದು ಗಂಟೆ ಕಳೆದಾಗ ಬೆಳೆಯುವ ವೇಗ ಎಷ್ಟು?

ಮೊದಲು ಕ ಹುಡುಕಬೇಕು. ಹುಡುಗರು ಇಲ್ಲಿ ಅವಸರ ಮಾಡುತ್ತಾರೆ: ಎರಡು ಗಂಟೆಗೆ ಶೇ. 60 ಹೆಚ್ಚಾಯಿತು, ಹಾಗಾದರೆ ಗಂಟೆಗೆ ಶೇ. 30, ಆದ್ದರಿಂದ ಕ = 0.30. ಈ ಒಂದು ಸಾಲಿನಲ್ಲಿ ಎರಡು ತಪ್ಪಿವೆ. ಗಂಟೆಗೆ ಶೇ. 30 ಆದರೆ ಎರಡು ಗಂಟೆಗೆ 1.3 × 1.3 = 1.69 ಪಟ್ಟಾಗಬೇಕಿತ್ತು, ಆಗಿದ್ದು 1.6 ಪಟ್ಟು. ನಿಜವಾದ ಗಂಟೆಯ ಬೆಳವಣಿಗೆ 1.6ರ ವರ್ಗಮೂಲ, 1.265; ಅಂದರೆ ಶೇ. 26.5. ಅದೂ ಕ ಅಲ್ಲ! ಶೇ. 26.5 ಇಡೀ ಗಂಟೆಯ ಗಳಿಕೆ, ಹೊಸದಾಗಿ ಹುಟ್ಟಿದವು ಮತ್ತೆ ಹುಟ್ಟಿಸಿದ್ದೂ ಅದರೊಳಗೆ ಸೇರಿದೆ. ಕ ಕ್ಷಣದ ದರ. ಅದು ಬರುವುದು ಲಾಗರಿದಮ್‌ನಿಂದ:

800 = 500 × ಇ^(2ಕ)
ಇ^(2ಕ) = 1.6
2ಕ = 1.6ರ ಸಹಜ ಲಾಗರಿದಮ್ (ಇ ಆಧಾರದ್ದು) = 0.470
ಕ = 0.235

ಕ್ಯಾಲ್ಕುಲೇಟರಿನಲ್ಲಿ ಸಹಜ ಲಾಗರಿದಮ್‌ಗೂ ಹತ್ತರ ಆಧಾರದ್ದಕ್ಕೂ ಬೇರೆ ಬೇರೆ ಗುಂಡಿ ಇರುತ್ತವೆ, ಬೆರಳು ಜಾರದಂತೆ ನೋಡಿಕೊಳ್ಳಿ.

ಐದು ಗಂಟೆಗೆ ಪ = 500 × ಇ^(1.175), ಸುಮಾರು 1619. ನಾನು ಪೆನ್ನು ಮುಚ್ಚಿದ್ದು ಇಲ್ಲಿ. ಕೇಳಿದ್ದು ಪ′ ಅಲ್ಲವೇ? ಹೊಸದಾಗಿ ಅವಕಲಿಸುವ ಶ್ರಮವೂ ಬೇಡ, ಮೊದಲ ಸಾಲೇ ಇದೆ: ಪ′ = 0.235 × 1619, ಗಂಟೆಗೆ ಸುಮಾರು 380. ಕ = 0.30 ಎಂದು ಹೊರಟಿದ್ದರೆ ಪ 2241ಕ್ಕೆ ಹೋಗಿ ಕೂರುತ್ತಿತ್ತು, ಸಣ್ಣ ತಪ್ಪೇನಲ್ಲ.

ಉತ್ತರವನ್ನು ತಾಳೆ ನೋಡಲು ನನ್ನದೊಂದು ಹಳೆಯ ಅಭ್ಯಾಸವಿದೆ. ಅಕ್ಕಪಕ್ಕದ ಗಂಟೆಗಳನ್ನು ಲೆಕ್ಕ ಹಾಕುತ್ತೇನೆ. ನಾಲ್ಕು ಗಂಟೆಗೆ 1280, ಆರಕ್ಕೆ 2048. ನಾಲ್ಕರಿಂದ ಐದಕ್ಕೆ 339 ಹೆಚ್ಚಾದವು, ಐದರಿಂದ ಆರಕ್ಕೆ 429. ನಮ್ಮ 380 ಇವೆರಡರ ನಡುವೆ ಬಂದಿದೆ, ಬರಲೇಬೇಕು. ‘ವೇಗ 380 ಅಂತೀರಿ, ಆದರೆ ಮುಂದಿನ ಗಂಟೆಯಲ್ಲಿ 429 ಹೆಚ್ಚಾಯಿತಲ್ಲ ಸಾರ್’ ಎಂದು ಒಬ್ಬಳು ಕೇಳಿದ್ದಳು. ಆ ಪ್ರಶ್ನೆ ಹುಟ್ಟಿದವರಿಗೆ ಅವಕಲನ ಅರ್ಥವಾಗಿದೆ ಎಂದೇ ಲೆಕ್ಕ. 380 ಐದಕ್ಕೆ ಸರಿಯಾಗಿ ಗಡಿಯಾರ ನೋಡಿದ ಕ್ಷಣದ ವೇಗ. ಆ ಗಂಟೆ ಮುಗಿಯುವಷ್ಟರಲ್ಲಿ ವೇಗವೇ 481 ಆಗಿರುತ್ತದೆ.

ಪ್ರಶ್ನೆಯನ್ನು ತಿರುಗಿಸಿಯೂ ಕೇಳುತ್ತಾರೆ: ವೇಗ ಗಂಟೆಗೆ 1000 ಮುಟ್ಟುವುದು ಯಾವಾಗ? ಆಗ ಹಿಂದಿನಿಂದ ಬನ್ನಿ. ಪ = 1000 ÷ 0.235, ಸುಮಾರು 4255. ಅದು ಶುರುವಿನ 8.51 ಪಟ್ಟು. 8.51ರ ಸಹಜ ಲಾಗರಿದಮ್ 2.141, ಅದನ್ನು 0.235ರಿಂದ ಭಾಗಿಸಿದರೆ 9.11 ಗಂಟೆ. ದಶಮಾಂಶವನ್ನು ನಿಮಿಷ ಮಾಡುವಾಗ 60ರಿಂದ ಗುಣಿಸಿ: 9 ಗಂಟೆ 7 ನಿಮಿಷ. 9 ಗಂಟೆ 11 ನಿಮಿಷ ಎಂದು ಬರೆದವರ ಉತ್ತರಪತ್ರಿಕೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕ್ಷಯದ ಲೆಕ್ಕಕ್ಕೆ ಬೇರೆ ವಿದ್ಯೆ ಬೇಡ, ಕ ಋಣವಾಗುತ್ತದೆ ಅಷ್ಟೆ. ಕಾರ್ಬನ್-14ರ ಅರ್ಧಾಯು, ಅಂದರೆ ಇದ್ದದ್ದು ಅರ್ಧಕ್ಕಿಳಿಯಲು ಹಿಡಿಯುವ ಕಾಲ, ಸುಮಾರು 5730 ವರ್ಷ; 2ರ ಸಹಜ ಲಾಗರಿದಮ್ ಆದ 0.693ನ್ನು ಅದರಿಂದ ಭಾಗಿಸಿ ಋಣ ಚಿಹ್ನೆ ಹಾಕಿದರೆ ಕ = −0.000121.

ಎಲ್ಲಿ ನಿಲ್ಲಬೇಕು ಎಂಬುದೂ ಗೊತ್ತಿರಲಿ. ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಒಳ್ಳೆಯ ಆಹಾರ, ಹದವಾದ ಶಾಖ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಒಂದು ದಿನಕ್ಕೆ 72 ಸಲ. ಒಂದೇ ಕೋಶದಿಂದ ಹೊರಟರೂ ಸೂತ್ರದ ಪ್ರಕಾರ ಮರುದಿನಕ್ಕೆ ನಾಲ್ಕು ಸಾವಿರ ಟನ್ನಿಗೂ ಹೆಚ್ಚು ಬ್ಯಾಕ್ಟೀರಿಯಾ! ತಟ್ಟೆಯಲ್ಲಿ ಆಹಾರ ಮುಗಿಯುತ್ತದೆ, ಜಾಗ ಮುಗಿಯುತ್ತದೆ, ಅಲ್ಲಿಂದಾಚೆ ಪ′ = ಕ × ಪ ನಡೆಯುವುದಿಲ್ಲ. ಬೆಲ್ಜಿಯಮ್ಮಿನ ಗಣಿತಜ್ಞ ವೆರ್ಹುಲ್ಸ್ಟ್ 1838ರಲ್ಲಿ ಬಲಗಡೆಗೆ (1 − ಪ/ಮ) ಎಂಬ ಇನ್ನೊಂದು ಗುಣಕ ಸೇರಿಸಿದ್ದು ಇದಕ್ಕೇ. ಮ ಎಂದರೆ ಆ ಜಾಗ ತಾಳುವ ಗರಿಷ್ಠ ಸಂಖ್ಯೆ. ಪ್ರಶ್ನೆಯಲ್ಲಿ ‘ಗರಿಷ್ಠ’ ಎಂಬ ಪದ ಕಂಡರೆ ಮೇಲಿನ ದಾರಿ ಬಿಟ್ಟು ಈ ಸಮೀಕರಣದಿಂದ ಶುರು ಮಾಡಿ.