ಕ್ಯಾಶುವಾಲ್ಟಿ ವೈದ್ಯರು ಕರಾರಿಗೆ ಸಹಿ ಹಾಕುವ ಮುನ್ನ

ಸಾಂಕ್ರಾಮಿಕ ಬಂದರೆ ಕ್ಯಾಶುವಾಲ್ಟಿಯಲ್ಲಿ, ಅಂದರೆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಕೆಲಸವೂ ಸಂಪಾದನೆಯೂ ಹೆಚ್ಚುತ್ತದೆ ಎಂದು ಹೊರಗಿನವರು ಭಾವಿಸುತ್ತಾರೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದ ಮೇಲೆ ಮಂಗಳೂರಿನಲ್ಲಿ ನಾವು ಕಂಡದ್ದು ಬೇರೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡಾಟ ನಿಂತು ಅಪಘಾತದ ಕೇಸುಗಳು ಇಳಿದವು. ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿದ್ದರಿಂದ ಕಾಸರಗೋಡಿನ ರೋಗಿಗಳಿಗೆ ದಾರಿ ಇಲ್ಲದಾಯಿತು. ಎದೆನೋವು ಬಂದವರಲ್ಲೂ ಕೆಲವರು ಸೋಂಕಿಗೆ ಹೆದರಿ ಮನೆಯಲ್ಲೇ ಉಳಿದರು. ಅಮೆರಿಕದಲ್ಲೂ ಅಂಥದ್ದೇ ಆಗಿತ್ತು: ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಲೆಕ್ಕದ ಪ್ರಕಾರ ಆ ವರ್ಷದ ಮಾರ್ಚ್ 29ರಿಂದ ಏಪ್ರಿಲ್ 25ರವರೆಗೆ ತುರ್ತು ವಿಭಾಗಕ್ಕೆ ಬಂದವರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಶೇಕಡ 42ರಷ್ಟು ಕುಸಿದಿತ್ತು.

ನಾನಿದ್ದ ಆಸ್ಪತ್ರೆಯಲ್ಲಿ ಏಪ್ರಿಲ್‌ನ ಡ್ಯೂಟಿ ಚಾರ್ಟನ್ನು ನರ್ಸಿಂಗ್ ಸ್ಟೇಷನ್ನಿನ ಗಾಜಿಗೆ ಅಂಟಿಸಿದ್ದರು. ನನ್ನ ಹೆಸರಿನ ಮುಂದಿದ್ದ ಶಿಫ್ಟ್‌ಗಳ ಮೇಲೆ ಒಂದು ಬೆಳಿಗ್ಗೆ ಕೆಂಪು ಗೆರೆ ಬಿದ್ದಿತ್ತು. ಕೇಳಿದಾಗ ಆಡಳಿತದವರು ಕರಾರನ್ನೇ ತೋರಿಸಿದರು. ಅದರಲ್ಲಿ ಕನಿಷ್ಠ ಇಷ್ಟು ಶಿಫ್ಟ್ ಕೊಡಲೇಬೇಕೆಂಬ ಮಾತು ಎಲ್ಲಿಯೂ ಇರಲಿಲ್ಲ.

ಆದ್ದರಿಂದ ಮೊದಲು ನೋಡಬೇಕಾದದ್ದು ಸಂಭಾವನೆಯ ಒಟ್ಟು ಮೊತ್ತವನ್ನಲ್ಲ, ಅದರಲ್ಲಿ ನಿಶ್ಚಿತ ಭಾಗ ಎಷ್ಟು ಎಂಬುದನ್ನು. ಶಿಫ್ಟ್‌ಗೆ 6,000 ರೂಪಾಯಿಯಂತೆ ತಿಂಗಳಿಗೆ 20 ಶಿಫ್ಟ್ ಎಂದಿಟ್ಟುಕೊಳ್ಳಿ, 1,20,000 ಆಯಿತು. ಶಿಫ್ಟ್‌ಗಳು 12ಕ್ಕೆ ಇಳಿದರೆ ಅದು 72,000. ಅದೇ 80,000 ನಿಶ್ಚಿತವಾಗಿದ್ದು ಶಿಫ್ಟ್‌ಗೆ 2,000 ಎಂದಿದ್ದರೆ, ಒಳ್ಳೆಯ ತಿಂಗಳಲ್ಲಿ ಅಷ್ಟೇ 1,20,000 ಬರುತ್ತದೆ, ಕೆಟ್ಟ ತಿಂಗಳಲ್ಲಿ 1,04,000 ಉಳಿಯುತ್ತದೆ. ಆಸ್ಪತ್ರೆಗೆ ಸಾಮಾನ್ಯ ದಿನಗಳಲ್ಲಿ ಎರಡೂ ಒಂದೇ ಖರ್ಚಾದುದರಿಂದ, ಸೇರುವ ಹೊತ್ತಿನಲ್ಲಿ ಇದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ನಿಶ್ಚಿತ ಭಾಗಕ್ಕೆ ಒಪ್ಪದಿದ್ದರೆ ಕನಿಷ್ಠ ಶಿಫ್ಟ್‌ಗಳ ಸಂಖ್ಯೆಯನ್ನಾದರೂ ಬರೆಸಿಕೊಳ್ಳಿ.

ಇನ್ನು ಕ್ವಾರಂಟೈನ್. ಸೋಂಕಿತರನ್ನು ನೋಡಿ ಹದಿನಾಲ್ಕು ದಿನ ಕೋಣೆಯಲ್ಲಿ ಕುಳಿತವರ ಆ ದಿನಗಳನ್ನು ರಜೆಯ ಲೆಕ್ಕದಲ್ಲಿ ಹಿಡಿದದ್ದುಂಟು. 2020ರ ಜುಲೈ 31ರಂದು ಸುಪ್ರೀಂ ಕೋರ್ಟ್ ಆರೋಗ್ಯ ಸಿಬ್ಬಂದಿಯ ಸಂಬಳ ಮತ್ತು ಕ್ವಾರಂಟೈನ್ ಅವಧಿಯ ವಿಚಾರವನ್ನು ಆಲಿಸಿದಾಗ, ಸಂಬಳ ಸಕಾಲಕ್ಕೆ ಕೊಡದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕದ ಹೆಸರೂ ಇತ್ತು. ಸರ್ಕಾರಿ ವೈದ್ಯರ ಸ್ಥಿತಿಯೇ ಹಾಗಿದ್ದಾಗ ಖಾಸಗಿಯವರು ಮುಂದಿನ ಆದೇಶವನ್ನು ನೆಚ್ಚಿ ಕೂರುವುದು ಜಾಣತನವಲ್ಲ. ಕರ್ತವ್ಯದಿಂದ ಬಂದ ಪ್ರತ್ಯೇಕ ವಾಸವನ್ನು ಡ್ಯೂಟಿ ಎಂದೇ ಎಣಿಸಬೇಕೆಂಬ ಒಂದು ಸಾಲನ್ನು ಕರಾರಿನಲ್ಲೇ ಸೇರಿಸಿಕೊಳ್ಳಿ.

ಸಂಬಳ ಇಳಿಸುವ ಪತ್ರ ಬಂದೇ ಬಿಟ್ಟರೆ ಅದು ಕಡಿತವೋ, ತಾತ್ಕಾಲಿಕವಾಗಿ ತಡೆಹಿಡಿದದ್ದೋ ಎಂಬುದನ್ನು ಇ-ಮೇಲ್‌ನಲ್ಲಿ ಕೇಳಿ ಉತ್ತರ ಪಡೆಯಿರಿ. ಬಾಯಿಮಾತಿನಲ್ಲಿ ಇವೆರಡೂ ಒಂದೇ ಥರ ಕೇಳಿಸುತ್ತವೆ, ಆದರೆ ತಡೆಹಿಡಿದ ಹಣ ನಿಮ್ಮ ಬಾಕಿಯಾಗಿಯೇ ಉಳಿಯುತ್ತದೆ. ಯಾವ ತಿಂಗಳಲ್ಲಿ ವಾಪಸು ಎಂದು ಬರೆದಿಲ್ಲವಾದರೆ, ನನ್ನ ಅನುಭವದಲ್ಲಿ, ಅದನ್ನು ಕಡಿತವೆಂದೇ ಲೆಕ್ಕ ಹಾಕುವುದು ಕ್ಷೇಮ.

ಸಂಬಳದ ನೌಕರರಾಗದೆ ಕನ್ಸಲ್ಟೆಂಟ್ ಎಂದು ಸೇರಿದವರಿಗೆ ವೃತ್ತಿಶುಲ್ಕದ ಮೇಲೆ ಶೇಕಡ 10 ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಮುರಿಯುತ್ತಾರೆ, ಸಾಮಾನ್ಯವಾಗಿ ಪಿಎಫ್ ಇರುವುದಿಲ್ಲ. 2020ರ ಮೇ 14ರಿಂದ 2021ರ ಮಾರ್ಚ್ ಕೊನೆಯವರೆಗೆ ಆ ದರವನ್ನು 7.5ಕ್ಕೆ ಇಳಿಸಿದ್ದರು, ಕೈಗೆ ಸ್ವಲ್ಪ ಹೆಚ್ಚು ಬಂತೇ ಹೊರತು ಕೊಡಬೇಕಾದ ತೆರಿಗೆ ಕಡಿಮೆಯಾಗಲಿಲ್ಲ. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಸಾಲದ ಕಂತಿಗೆ ಕೊಟ್ಟ ವಿನಾಯಿತಿಯೂ ಇಂಥದ್ದೇ, ಬಡ್ಡಿ ಬೆಳೆಯುತ್ತಲೇ ಇತ್ತು. ಅಂಥ ವಿನಾಯಿತಿ ಮತ್ತೆ ಬಂದರೆ ಸಂಬಳ ನಿಂತವರು ಅದನ್ನು ಬಳಸಲಿ, ಉಳಿದವರು ಕಂತು ಕಟ್ಟುತ್ತಾ ಹೋಗಲಿ.

2020ರ ಮಾರ್ಚ್‌ನ ಕೊನೆಯಲ್ಲಿ ಆರೋಗ್ಯ ಸಿಬ್ಬಂದಿಗೆಂದು ಜಾರಿಯಾದ ಕೇಂದ್ರದ 50 ಲಕ್ಷ ರೂಪಾಯಿಯ ವಿಮೆ ಸಾವಿಗೆ ಮಾತ್ರ ಸಂಬಂಧಿಸಿತ್ತು. ಕಾಯಿಲೆ ಬಿದ್ದು ಕಳೆದುಕೊಂಡ ದಿನಗಳ ಸಂಬಳಕ್ಕಲ್ಲ. ಆ ವಿಮೆಯ ಹಣಕ್ಕೂ ಕೋವಿಡ್ ಕರ್ತವ್ಯದಲ್ಲಿದ್ದರೆಂಬ ಪುರಾವೆ ಬೇಕಾಗಿತ್ತು. ಹೀಗಾಗಿ ಡ್ಯೂಟಿ ಆದೇಶದ ಪ್ರತಿಯನ್ನೂ ಪ್ರತಿ ತಿಂಗಳ ಚಾರ್ಟಿನ ಫೋಟೋವನ್ನೂ, ಅದರ ಮೇಲೆ ಕೆಂಪು ಗೆರೆ ಬೀಳುವ ಮೊದಲೇ, ನಿಮ್ಮ ಮೊಬೈಲಿನಲ್ಲಿ ಇಟ್ಟುಕೊಂಡಿರಿ.